ಗಡಿಯಾರದ ಕಡೆ

ನಮ್ಮನೆಯವರಿಗೆ ಎಡ ಯಾವುದು, ಬಲ ಯಾವುದು ಎಂದು ಇವತ್ತಿಗೂ ಥಟ್ಟನೆ ಹೊಳೆಯುವುದಿಲ್ಲ. ವಿಮಾನ ರಿಪೇರಿ ಮಾಡುವ ಮನುಷ್ಯ! ಮದುವೆಯಾದ ಹೊಸದರಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅದಕ್ಕೇ ಅವರು ಎಡಗೈಗೆ ಗಡಿಯಾರ ಕಟ್ಟುತ್ತಾರೆ. ಎಡವೆಂದರೆ ‘ಗಡಿಯಾರದ ಕಡೆ’, ಬಲವೆಂದರೆ ‘ಆ ಕಡೆ’. ಮೂವತ್ತು ವರ್ಷ ಹೀಗೇ ನಡೆದಿತ್ತು.

ಶೆಡ್ಡಿನಲ್ಲಿದ್ದದ್ದು ಇಬ್ಬರೇ ಕೂರುವ ಹಳೇ ವಿಮಾನ. ಅವರ ಅಕ್ಕನದು, ಅಂದರೆ ನನ್ನ ಅತ್ತಿಗೆಯದು. ಅದನ್ನು ತಿರುಗಿಸುವ ಎರಡೂ ಹ್ಯಾಂಡಲ್ ಬಿರುಕು ಬಿಟ್ಟಿದ್ದವು. ಇವರು ಯೋಕ್ ಅನ್ನುತ್ತಾರೆ, ನನಗೆ ಹ್ಯಾಂಡಲ್ಲೇ. ಬೇರೆ ಜೋಡಿ ಸಿಗಲು ಒಂದು ವರ್ಷ ಹಿಡಿಯಿತು. ಅಷ್ಟೂ ದಿನ ಅತ್ತಿಗೆ ಬಂದು, ಹಾರದ ವಿಮಾನದಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದರು. ನಾನು ಪಕ್ಕದ ಸೀಟಿಗೆ ಹೊಲಿಗೆ ಹಾಕುತ್ತಿದ್ದೆ. ತಗಡಿನ ತೂತುಗಳಿಂದ ಇಳಿದ ಬಿಸಿಲಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ನೋಡುತ್ತ ನೋಡುತ್ತ ನೆಲವೇ ಕೆಳಗೆ ಸರಿದಂತಾಗಿ, ಸೂಜಿ ಬೆರಳಿಗೆ ಚುಚ್ಚಿದಾಗಲೇ ನಾನು ಇಳಿಯುತ್ತಿದ್ದದ್ದು.

ಹಳೇ ಹ್ಯಾಂಡಲ್ ಬಿಚ್ಚಿದ ದಿನ, ರೆಕ್ಕೆಗಳ ಹಿಂದಿನ ಅಂಚಿನಲ್ಲಿ ಏಳುವ, ಇಳಿಯುವ ಪಟ್ಟಿಗಳಿಗೆ ಹೋಗುವ ಎರಡು ಕೇಬಲ್ಲುಗಳಲ್ಲಿ ಗಡಿಯಾರದ ಕಡೆಯದಕ್ಕೆ ನನ್ನ ಕೆಂಪು ದಾರ ಕಟ್ಟಿದರು. ಸಂಜೆ ಸ್ಪ್ಯಾನರ್ ಜಾರಿ ಮಣಿಕಟ್ಟು ತರಚಿತು. ಬಟ್ಟೆ ಸುತ್ತಿದವಳು ನಾನೇ. ಮರುದಿನ ಹೊಸ ಜೋಡಿ ಕೂರಿಸಿ, ಕೆಂಪು ದಾರದ ಕೇಬಲ್ಲನ್ನು ಗಡಿಯಾರದ ಕಡೆ ಬಿಗಿದರು. ಅತ್ತಿಗೆ ಆಗಲೇ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಕೊನೆಯ ಪರೀಕ್ಷೆಗೆ ನಾನು ಒಳಗೆ ಕೂತೆ, ಇವರು ಬಾಲದ ಹಿಂದೆ ನಿಂತರು.

“ಗಡಿಯಾರದ ಕಡೆ ತಿರುಗ್ಸು!”

ಎಡಕ್ಕೆ ತಿರುಗಿಸಿದೆ.

“ಗಡಿಯಾರದ ಕಡೆ ಪಟ್ಟಿ ಎದ್ದಿದೆ. ಸರಿಯಾಗಿದೆ! ಅಕ್ಕಾ, ಹತ್ತು!”

ಹ್ಯಾಂಡಲ್ ಹಿಡಿದು ಹೆಬ್ಬೆರಳು ಮೇಲೆತ್ತಿ ತಿರುಗಿಸಬೇಕು. ಹೆಬ್ಬೆರಳು ಯಾವ ರೆಕ್ಕೆಯ ಕಡೆ ವಾಲುತ್ತದೋ ಆ ರೆಕ್ಕೆಯ ಪಟ್ಟಿಯೇ ಮೇಲೇಳಬೇಕು. ಇವರೇ ಕಲಿಸಿದ್ದು. ನನ್ನ ಹೆಬ್ಬೆರಳು ಎಡಕ್ಕಿತ್ತು. ಎದ್ದಿದ್ದದ್ದು ಬಲದ ಪಟ್ಟಿ.

“ರೀ, ನಿಮ್ಮ ಗಡಿಯಾರ ಯಾವ ಕೈಲಿದೆ?”

“ಇದೆಂಥ ಪ್ರಶ್ನೆ, ಈ ಕೈ...” ಎಂದು ಎತ್ತಿದರು. ಬಲಗೈ. ಎಡಗೈಯಲ್ಲಿ ನಾನು ಸುತ್ತಿದ ಬಟ್ಟೆ.

ಅವರು ಅಲ್ಲೇ ಕುಸಿದು ಕೂತರು. “ಅಕ್ಕನ್ನ ನಾನೇ ಸಾಯಿಸ್ತಿದ್ನಲ್ಲೇ,” ಎಂದರು. “ಸಾಕು. ಇನ್ಮೇಲೆ ಸ್ಪ್ಯಾನರ್ ಮುಟ್ಟಲ್ಲ.”

ನನಗೂ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. “ಅಷ್ಟೂ ಗೊತ್ತಾಗಲ್ವಾ ನಿಮಗೆ!” ಎಂದು ಕಿರುಚಿದೆ.

ಅತ್ತಿಗೆ ಟೋಪಿ ತೆಗೆದು ತಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತರು. “ಒಂದು ವರ್ಷ ಕಾದಿದ್ದೀನಿ ಕಣೋ, ಇನ್ನೊಂದು ಗಂಟೆ ಕಾಯಕ್ಕಾಗಲ್ವಾ? ಬಿಚ್ಚು. ನೀನು ಕಟ್ಟಿದ್ರೇನೇ ನಾನು ಹಾರೋದು.”

ಇವರು ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. ಪ್ರತಿ ಕೇಬಲ್ಲಿಗೂ ನನ್ನ ಹೆಬ್ಬೆರಳು ನೋಡಿಯೇ ಬಿಗಿದರು.

ಮಧ್ಯಾಹ್ನ ಅತ್ತಿಗೆ ಮೇಲೇರಿದರು. ಸದ್ದು ದೂರವಾಯಿತು. ಬಿಳಿ ಮೋಡದ ಕೆಳಗೆ ಆ ಪುಟ್ಟ ವಿಮಾನ ಹಾರಲೋ ಬೇಡವೋ ಎಂಬಂತೆ ತೇಲಿತು. ಆಮೇಲೆ ರೆಕ್ಕೆ ಮೆಲ್ಲಗೆ ಒಂದು ಕಡೆಗೆ ಬಾಗಿತು.

“ಎಡಕ್ಕೆ ತಿರುಗಿದ್ಲು,” ಎಂದರು ಇವರು, ಬರಿಗೈಯಲ್ಲಿ, ಥಟ್ಟನೆ.

“ಅರೆ! ಎಡ ಅಂತ ಹೇಗೆ ಗೊತ್ತಾಯ್ತು?”

ಕಣ್ಣು ಆಕಾಶದಲ್ಲೇ ಇಟ್ಟು ನನ್ನ ಕೈ ಹಿಡಿದುಕೊಂಡರು.

“ನೀನು ನಿಂತಿರೋ ಕಡೆ.”