ಸಲ್ವಾದ ಡ್ರಮ್ಮಿನ ತೋಟ

ಕುವೈತಿನಲ್ಲಿ ೧೯೯೦ರ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಒಂದು ಗುರುವಾರ ಸಂಜೆ ಅಕ್ಕ ಫೋನ್ ಮಾಡಿ, "ಸಲ್ವಾದಲ್ಲಿ ಒಂದು ತೋಟ ಉಂಟಂತೆ ಮಾರಾಯ. ಗಾಲಿಕುರ್ಚಿಯಲ್ಲಿ ಕೂತವರೂ ಅಲ್ಲಿ ಗಿಡ ನೆಡ್ತಾರಂತೆ. ನಾಳೆ ಭಾವನನ್ನು ಕರ್ಕೊಂಡು ಹೋಗು," ಎಂದಳು. ತರಕಾರಿ ಅಂಗಡಿಯ ಬ್ಯಾರಿ ಅವಳಿಗೆ ಹೇಳಿದ್ದಂತೆ.

ಭಾವ ವೆಲ್ಡರ್ ಆಗಿದ್ದವರು. ಎರಡು ವರ್ಷದ ಹಿಂದೆ ಕೆಲಸದ ಜಾಗದಲ್ಲಿ ಎತ್ತರದಿಂದ ಬಿದ್ದು ಕಾಲುಗಳ ಸ್ವಾಧೀನ ಹೋಗಿತ್ತು. ಕೆಲಸಕ್ಕೆ ಕರೆಸಿಕೊಂಡಿದ್ದ ಕಫೀಲ್ ಒಳ್ಳೆಯವನು, ಇಕಾಮಾ ಎಂಬ ವಾಸದ ಪರವಾನಗಿ ಉಳಿಸಿ, ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಕೊಟ್ಟಿದ್ದ. ರಜೆಯ ಶುಕ್ರವಾರ ಮಾತ್ರ ಭಾವ ಫಹಾಹೀಲಿನ ಫ್ಲಾಟಿನ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

"ಬಗ್ಗಲಿಕ್ಕೇ ಆಗದವನು ಎಂತ ಗಿಡ ನೆಡುವುದು?" ಎಂದು ಗೊಣಗುತ್ತಲೇ ನನ್ನ ಪಿಕಪ್ಪಿನಲ್ಲಿ ಕೂತರು. ನನಗೂ ಅದೇ ಕುತೂಹಲ.

ಎರಡು ಮನೆಗಳ ನಡುವಿನ ಖಾಲಿ ಜಾಗ ಅದು. ಊರುಗೋಲು ಹಿಡಿದ ಮುದುಕರೊಬ್ಬರು ಗೇಟು ತೆಗೆದು "ಯಲ್ಲಾ, ಯಲ್ಲಾ" ಎಂದು ಕರೆದರು. ಜಾಗ ಅವರದೇ, ಶುಕ್ರವಾರ ಯಾರು ಬೇಕಾದರೂ ಬರಬಹುದಿತ್ತು. ನೆಲದಲ್ಲಿ ಒಂದು ಗಿಡವೂ ಇಲ್ಲ. ಎಣ್ಣೆ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿ, ಮಣ್ಣು ತುಂಬಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ತೊಟ್ಟಿಲಿನ ಹಾಗೆ ಕೂರಿಸಿದ್ದರು. ಟೊಮೆಟೊ, ಮೂಲಂಗಿ, ಪುದೀನ ಎಲ್ಲವೂ ಸೊಂಟದೆತ್ತರದಲ್ಲಿ. ನಡುವೆ ಸಿಮೆಂಟಿನ ದಾರಿ, ದಾರಿಯುದ್ದಕ್ಕೂ ಒಂದು ಹಗ್ಗ, ಹಗ್ಗದಲ್ಲಿ ಅಲ್ಲಲ್ಲಿ ಗಂಟು.

ಗಂಟು ಯಾಕೆಂದು ಮುದುಕರನ್ನು ಕೇಳುವಷ್ಟರಲ್ಲಿ, ಕಣ್ಣು ಕಾಣದ ಈಜಿಪ್ಟಿನ ಟೀಚರೊಬ್ಬರು ಹಗ್ಗ ಸವರುತ್ತ ಬಂದರು. ಒಂದು ಗಂಟು ಪುದೀನ, ಎರಡು ಗಂಟು ಟೊಮೆಟೊ ಎಂದು ಅರಬಿಯಲ್ಲಿ ಹೇಳಿ, ಎರಡು ಗಂಟಿನ ಹತ್ತಿರ ನಿಂತು, ಬೆರಳಿನಲ್ಲೇ ಹುಡುಕಿ ಕಳೆ ಕಿತ್ತರು. ನಾನು ಕಣ್ಣು ಮುಚ್ಚಿ ಪ್ರಯತ್ನಿಸಿದೆ. ಕೈಗೆ ಬಂದದ್ದು ಮೂಲಂಗಿ ಸೊಪ್ಪು.

ಅಷ್ಟರಲ್ಲಿ ಢಣ್ ಎಂದು ಸದ್ದಾಯಿತು. ಗಾಲಿಕುರ್ಚಿ ಮುಂದೆ ತಳ್ಳಿಕೊಂಡ ಭಾವನ ಮೊಣಕಾಲು ಒಂದು ಡ್ರಮ್ಮಿನ ಅಡಿಗೆ ಬಡಿದಿತ್ತು. ಕಾಲಿಗೆ ನೋವು ಗೊತ್ತಾಗದಿದ್ದರೂ ಅವರ ಮುಖ ಕೆಂಪಾಯಿತು. ಸಾಕು, ಹೋಗುವಾ ಎನ್ನುತ್ತಾರೆಂದುಕೊಂಡೆ. ಅವರು ಕೂತಲ್ಲಿಂದಲೇ ಡ್ರಮ್ಮಿನ ಅಡಿಗೆ ಕೈಹಾಕಿ ಗೇಣಿನಲ್ಲಿ ಅಳೆದರು.

"ಇದನ್ನು ಮಾಡಿದವನು ಕುರ್ಚಿಯಲ್ಲಿ ಕೂತವನಲ್ಲ. ಇನ್ನೂ ನಾಲ್ಕು ಬೆರಳು ಎತ್ತರ ಬೇಕು. ಹೇಳು ಅವರಿಗೆ."

ಹೇಳಿದೆ. ಮುದುಕರು ಗಡ್ಡ ಕೆರೆದುಕೊಂಡು, "ಸರಿ, ಮಾಡುವವರು ಯಾರು?" ಎಂದರು.

ನಾನು ಭಾಷಾಂತರಿಸುವ ಮೊದಲೇ ಭಾವ ತಮ್ಮ ಎದೆ ಮುಟ್ಟಿ ತೋರಿಸಿದರು.

ಮುಂದಿನ ಶುಕ್ರವಾರ ಅವರ ಹಳೇ ವೆಲ್ಡಿಂಗ್ ಮುಖವಾಡ, ಕೈಗವಸುಗಳನ್ನು ಅಕ್ಕ ಕಪಾಟಿನ ಮೇಲಿಂದ ಇಳಿಸಿಕೊಟ್ಟಳು. ಬಿಸಾಡಿದ್ದೇನೆ ಎಂದು ಹಿಂದೆ ಸುಳ್ಳು ಹೇಳಿದ್ದಳು. ಕಿಡಿ ಹಾರಿ ಬಟ್ಟೆ ಹೊತ್ತಿಕೊಂಡರೂ ಕಾಲಿಗೆ ತಿಳಿಯದಲ್ಲ ಎಂಬ ಭಯ ಅವಳಿಗೆ. ತೊಡೆಗೆ ದಪ್ಪ ಚರ್ಮ ಹೊದಿಸಿ, ನೀರಿನ ಬಕೆಟ್ ಹಿಡಿದು ಅವಳೂ ಪಕ್ಕದಲ್ಲೇ ನಿಂತಳು. ನಾವು ಡ್ರಮ್ಮು ಇಳಿಸಿಕೊಟ್ಟ ಮೇಲೆ ಭಾವ ಕುರ್ಚಿಯಲ್ಲಿ ಕೂತೇ, ಮುದುಕರು ತರಿಸಿಟ್ಟ ವೆಲ್ಡಿಂಗ್ ಮೆಷಿನ್ನಿನಿಂದ ಸ್ಟ್ಯಾಂಡಿನ ನಾಲ್ಕು ಕಾಲಿಗೂ ಕಬ್ಬಿಣದ ತುಂಡು ಸೇರಿಸಿ ಬೆಸೆದರು. ಮಧ್ಯಾಹ್ನ ಡ್ರಮ್ಮು ಮತ್ತೆ ಕೂರಿಸಿ, ಕುರ್ಚಿಯನ್ನು ಅದರ ಅಡಿಗೆ ತಳ್ಳಿದರೆ ಸಲೀಸಾಗಿ ಒಳಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವ ತಲೆ ತಗ್ಗಿಸಿಕೊಂಡರು.

ಟೀಚರ್ ಮಾತ್ರ, "ಆರಿದೆಯಾ? ಮುಟ್ಟಿ ನೋಡಲಾ?" ಎಂದರು. ಬೆಸುಗೆಯನ್ನು ಸುತ್ತಲೂ ಸವರಿ, ಒಂದು ಕಡೆ ಬೆರಳು ನಿಲ್ಲಿಸಿದರು. "ಇಲ್ಲಿ ಉಬ್ಬಿದೆ. ತೋಟಕ್ಕೆ ಬರುವ ಮಕ್ಕಳ ಕೈ ತರಚೀತು."

ನಾನು ಹಿಂಜರಿಯುತ್ತ ಕನ್ನಡದಲ್ಲಿ ಹೇಳಿದೆ. ಭಾವ ತಾವೂ ಮುಟ್ಟಿ ನೋಡಿ ಗಟ್ಟಿಯಾಗಿ ನಕ್ಕುಬಿಟ್ಟರು. ಬಿದ್ದ ಮೇಲೆ ಎಲ್ಲರೂ ಅವರಿಗೆ ಪಾಪ ಎಂದಿದ್ದೆವೇ ಹೊರತು, ಅವರ ಕೆಲಸದಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ.

"ಸರಿಯಾಗಿಯೇ ಹೇಳಿದ್ದಾರೆ. ಅರ ಕೊಡು, ಉಜ್ಜಿ ಬಿಡ್ತೇನೆ," ಎಂದು ನನ್ನತ್ತ ಕೈಚಾಚಿದರು.