ಅಮ್ಮ ನೋಡದ ಸಲಾಲಾ

ಒಣಗದ ಟವೆಲಿನ ವಾಸನೆ ಬಂದರೆ ನನಗೆ ಈಗಲೂ ನೆಂಟರ ನೆನಪಾಗುತ್ತದೆ. ಮೊನ್ನೆ ಆಫೀಸಿನವರ ಜೊತೆ ಸಲಾಲಾಕ್ಕೆ ಹೋಗಿ ಬಂದು, ಇಲ್ಲಿ ಮಸ್ಕತ್ತಿನ ಮವಾಲೇಹಿನ ಫ್ಲ್ಯಾಟಿನಲ್ಲಿ ಬ್ಯಾಗಿನ ಜಿಪ್ ಎಳೆದದ್ದೇ ತಡ, ಹಸಿಯಾಗಿಯೇ ಮಡಚಿಟ್ಟಿದ್ದ ಟವೆಲಿನಿಂದ ಆ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಕೂಡಲೇ ಸಲಾಲಾದ ದಹಾರೀಜಿನಲ್ಲಿದ್ದ ನಮ್ಮ ಹಳೆಯ ಬಾಡಿಗೆ ಮನೆ ಕಣ್ಣೆದುರು ಬಂತು. ಎರಡು ಕೋಣೆ, ಒಂದು ಹಾಲ್, ಹಿಂದೆ ಉದ್ದಕ್ಕೆ ಅಡುಗೆಮನೆ. ಕಂಪೌಂಡಿನಾಚೆ ಬಾಳೆ ತೋಟ, ಅದರಾಚೆ ಸಮುದ್ರ. ಬೆನ್ನಿಗೆ ಊರನ್ನೆಲ್ಲ ಬಳಸಿ ನಿಂತ ಗುಡ್ಡಗಳು. ಹಾಲಿನ ಕಿಟಕಿಯಿಂದ ಅಡುಗೆಮನೆಯ ಬಾಗಿಲಿಗೆ ಅಪ್ಪ ಕಟ್ಟಿದ ನೈಲಾನ್ ಹಗ್ಗ, ಅದರ ಮೇಲೆ ಸಾಲಾಗಿ ನೆಂಟರ ಟವೆಲುಗಳು. ಮಳೆ ನಿಲ್ಲುವವರೆಗೆ ಅವು ಒಣಗುತ್ತಿರಲಿಲ್ಲ, ನೆಂಟರು ಹೊರಡುತ್ತಲೂ ಇರಲಿಲ್ಲ.

ಖರೀಫ್ ಅಂದರೆ ಗೊತ್ತಲ್ಲ, ಸಲಾಲಾದ ಮಳೆಗಾಲ, ಆ ಮೂರು ತಿಂಗಳ ಜಿಟಿಜಿಟಿ. ಮಸ್ಕತ್ ಕಡೆ ನೆಲ ಕಾದು ಕಾವಲಿಯಾಗಿರುವಾಗ ನಮ್ಮ ಗುಡ್ಡಗಳ ಮೇಲೆ ಮಂಜು ಇಳಿಯುತ್ತದೆ, ಒಂದೇ ವಾರದಲ್ಲಿ ಕಲ್ಲೂ ಹಸುರಾಗುತ್ತದೆ. ಅರಬರು ಅದನ್ನು ನೋಡಲು ಬರುವುದು ನನಗೆ ಅರ್ಥವಾಗುತ್ತದೆ, ಪಾಪ, ಅವರು ಮಳೆ ಎಲ್ಲಿ ಕಂಡಿದ್ದಾರೆ. ಆದರೆ ಉಡುಪಿಯಲ್ಲಿ ಹುಟ್ಟಿ, ಜೂನ್ ಬಂದರೆ ಮಳೆಗೆ ಶಾಪ ಹಾಕುತ್ತಾ ಬೆಳೆದ ನಮ್ಮವರಿಗೆ ಎಂತ ಬಂದಿತ್ತು ಮಾರಾಯ್ರೆ? ರಜೆಯಲ್ಲಿ ಊರಿಗೆ ಹೋಗಲಿಕ್ಕಾಗದ ವರ್ಷ ಎಲ್ಲರೂ ಮಸ್ಕತ್ ಕಡೆಯಿಂದ ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂತು ನಮ್ಮ ಮನೆಗೆ ಬರುತ್ತಿದ್ದರು. ಬಸ್ಸಿಂದ ಇಳಿದವರೇ ತುಂತುರಿಗೆ ಎರಡೂ ಕೈ ಚಾಚಿ, ಕಣ್ಣು ಮುಚ್ಚಿ, ಸ್ವರ್ಗ ಸ್ವರ್ಗ ಎನ್ನುತ್ತಿದ್ದರು. ಅಮೇರಾತಿನವರು, ಇಬ್ರಿಯವರು, ಅಪ್ಪನ ಹಳೆಯ ರೂಂಮೇಟಿನ ಭಾವನ ತಮ್ಮ. ಊರಿನ ಹೆಸರು ಹೇಳಿದರೆ ಸಾಕು, ನೆಂಟಸ್ತಿಕೆ ಸಿದ್ಧವಾಯಿತು. ನಿಮ್ಮ ಮನೆಗೂ ಇಂಥವರು ಬಂದಿರುತ್ತಾರೆ, ಚಾಪೆ ಹಾಸುವಷ್ಟರಲ್ಲಿ ದಿಂಬು ಕೇಳುವವರು. ನಾನು ಹೆಚ್ಚು ವಿವರಿಸುವುದು ಬೇಡ.

ಅಪ್ಪ ಬಂದರಿನ ಒಂದು ಕಂಪನಿಯಲ್ಲಿ ಟೈಂ ಕೀಪರ್. ಕೆಲಸದಲ್ಲಿ ಯಾರೂ ಅವರ ಮಾತು ಕೇಳುತ್ತಿರಲಿಲ್ಲ ಎಂದು ಕಾಣುತ್ತದೆ, ಖರೀಫ್ ಬಂದರೆ ಎದೆ ಉಬ್ಬಿಸಿಕೊಂಡು ಗೈಡ್ ಆಗುತ್ತಿದ್ದರು. ಹಳೆಯ ಬಿಳಿ ಕಾರು, ಒಂದೇ ರೂಟು, ಪ್ರತಿ ಜಾಗದಲ್ಲಿ ಬಾಯಿಪಾಠದ ಒಂದೇ ಭಾಷಣ. ಮೊದಲು ಮುಘ್ಸೈಲ್. ಅಲ್ಲಿ ಬಂಡೆಯ ತೂತುಗಳಿಂದ ಸಮುದ್ರ ಬುಸ್ ಎಂದು ಮೇಲಕ್ಕೆ ಉಗುಳುತ್ತದೆ. ಉಗುಳಿಸಿಕೊಂಡು ಒದ್ದೆಯಾಗಲು ಜನ ಸಾಲು ನಿಲ್ಲುತ್ತಿದ್ದರು. ಆಮೇಲೆ ಅಲ್ ಬಲೀದ್, ಸಾವಿರ ವರ್ಷದ ಹಳೆಯ ಬಂದರಿನ ಅವಶೇಷ. ಇಲ್ಲಿಂದಲೇ ನಮ್ಮ ಕರಾವಳಿಗೆ ಕುದುರೆ ಹಡಗು ಹೊರಡುತ್ತಿದ್ದದ್ದು ಎಂದು ಅಪ್ಪ ಕೈ ಬೀಸಿ ಹೇಳುವಾಗ ನೆಂಟರು ಟಾಯ್ಲೆಟ್ ಎಲ್ಲುಂಟು ಎಂದು ಕೇಳುತ್ತಿದ್ದರು. ಊರೊಳಗಿನ ಪ್ರವಾದಿಯೊಬ್ಬರ ಉದ್ದದ ಸಮಾಧಿಗೆ ಕರಕೊಂಡು ಹೋದರೆ ಒಬ್ಬ ಮಹಾನುಭಾವ ಹೆಜ್ಜೆ ಹಾಕಿ ಅಳತೆ ತೆಗೆದ. ಮಿರ್ಬಾತ್ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿದ ಕಾರು ತಾನಾಗಿ ದಿಣ್ಣೆ ಹತ್ತುವಂತೆ ಕಾಣುವ ಜಾಗ ಒಂದುಂಟು. ಅಲ್ಲಿ ಚಪ್ಪಾಳೆ ಬೀಳುತ್ತಿತ್ತು, ಅಪ್ಪ ತಾವೇ ಕಾರನ್ನು ಎತ್ತಿದವರ ಹಾಗೆ ನಗುತ್ತಿದ್ದರು. ಕೊನೆಗೆ ದರ್ಬಾತ್ ಕಣಿವೆ. ಅದರ ಬಗ್ಗೆ ಮಾತ್ರ ನನಗೆ ತಮಾಷೆ ಮಾಡಲು ಬರುವುದಿಲ್ಲ. ಗುಡ್ಡದ ಮಡಿಲಲ್ಲಿ ಹಸುರು ನೀರು, ನೀರಿನಲ್ಲಿ ಮೊಣಕಾಲವರೆಗೆ ನಿಂತ ಒಂಟೆಗಳು, ಸುತ್ತ ದೊಡ್ಡ ದೊಡ್ಡ ಅತ್ತಿ ಮರಗಳು. ಯಾರದೋ ತೊಡೆಯ ಮೇಲೆ ಕೂತು ನಾನು ಅಲ್ಲಿಗೆ ನಲವತ್ತು ಸಲವಾದರೂ ಹೋಗಿದ್ದೇನೆ.

ಅಮ್ಮ ಒಮ್ಮೆಯೂ ಹೋಗಿರಲಿಲ್ಲ. ಕಾರಿನಲ್ಲಿ ಜಾಗ ಇರುತ್ತಿರಲಿಲ್ಲ, ಇದ್ದರೂ ನೆಂಟರು ಬರುವಷ್ಟರಲ್ಲಿ ಅಂಜಲ್ ಮೀನು ಹುರಿದಾಗಿರಬೇಕು, ಕೋಳಿಯ ಗಸಿ ಕುದಿದಿರಬೇಕು, ಹನ್ನೆರಡು ಮಂದಿಗೆ ನೀರುದೋಸೆ ಆಗಿರಬೇಕು. ನಾವು ಇಲ್ಲೇ ಇರುವವರಲ್ವಾ, ನಿನಗೆ ಯಾವಾಗ ಬೇಕಾದ್ರೂ ತೋರಿಸ್ಬಹುದು ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದರು. ನೆಂಟರೆಲ್ಲ ಹೋಗುವಾಗ ಸೆಪ್ಟೆಂಬರ್ ಮುಗಿದಿರುತ್ತಿತ್ತು, ಗುಡ್ಡ ಒಣಗಿ ಕಂದಾಗಿರುತ್ತಿತ್ತು. ಈಗ ಅಲ್ಲಿ ಎಂತ ಉಂಟು ನೋಡ್ಲಿಕ್ಕೆ ಎಂದು ಅದೇ ಅಪ್ಪ ಲುಂಗಿ ಕಟ್ಟಿಕೊಂಡು ಮಲಗುತ್ತಿದ್ದರು. ಅಮ್ಮನಿಗೆ ಡ್ರೈವಿಂಗ್ ಬಾರದು, ಒಬ್ಬಳೇ ಎಲ್ಲಿಗೂ ಹೋಗಿ ಅಭ್ಯಾಸವಿಲ್ಲ. ಕೇರಳದವನ ಗ್ರೋಸರಿ ಮತ್ತು ನನ್ನ ಸ್ಕೂಲ್ ಬಸ್ಸಿನ ತಿರುವು, ಅಷ್ಟೇ ಅವಳ ಸಲಾಲಾ.

ಆದರೆ ಅಮ್ಮನಿಗೆ ಒಂದು ಆಸೆ ಇತ್ತು, ಆ ಆಸೆಯನ್ನು ಅವಳು ತನ್ನದೇ ರೀತಿಯಲ್ಲಿ ಸಾಕಿಕೊಂಡಿದ್ದಳು. ಸಂಜೆ ಎಲ್ಲರೂ ಒದ್ದೆಯಾಗಿ ಬಂದು ಊಟಕ್ಕೆ ಕೂತರೆ ಬಡಿಸುತ್ತಾ ಒಂದೊಂದೇ ಕೇಳುತ್ತಿದ್ದಳು. ನೀರು ಯಾವ ಬಣ್ಣ ಇತ್ತು, ಒಂಟೆಮರಿ ಇತ್ತಾ, ಮರದ ಬೇರು ನೀರಿಗೇ ಇಳಿದಿದೆಯಾ, ಗಾಳಿ ಎಂಥ ವಾಸನೆ ಬರುತ್ತದೆ. ನೆಂಟರು ಬಾಯಿ ತುಂಬ ಅನ್ನ ಇಟ್ಟುಕೊಂಡು ಅರ್ಧಂಬರ್ಧ ಹೇಳಿದ್ದನ್ನೆಲ್ಲ ಅವಳು ಜೋಡಿಸಿ ಇಟ್ಟುಕೊಳ್ಳುತ್ತಿದ್ದಳು. ಮುಂದಿನ ವಾರ ಹೊಸ ನೆಂಟರು ಬಂದರೆ ಅಮ್ಮನೇ ಅವರಿಗೆ ದರ್ಬಾತ್ ಹೇಗಿದೆ ಎಂದು ಹೇಳುವವಳು. ಎಷ್ಟು ಚಂದ ಹೇಳುತ್ತಿದ್ದಳೆಂದರೆ, ಕಣ್ಣಾರೆ ಕಂಡ ನಾನೇ ಬಾಯಿ ಬಿಟ್ಟು ಕೇಳುತ್ತಿದ್ದೆ. ಎಡಬದಿಯ ಎರಡನೆಯ ಮರದ ಕೆಳಗೆ ಕೂತ್ಕೊಳ್ಳಿ, ಅಲ್ಲಿಂದ ಇಡೀ ನೀರು ಕಾಣ್ತದೆ ಎನ್ನುತ್ತಿದ್ದಳು. ಹೋದವರು ಅಲ್ಲೇ ಕೂತು, ಅಕ್ಕ ಹೇಳಿದ್ದು ಸರಿ ಉಂಟು ಎಂದು ಬರುತ್ತಿದ್ದರು. ನೀವು ನೋಡಿದ್ದೀರಾ ಎಂದು ಯಾರೂ ಕೇಳಲಿಲ್ಲ. ಕೇಳುವ ಬುದ್ಧಿ ಆ ಜನಕ್ಕೆ ಎಲ್ಲಿಂದ ಬರಬೇಕು?

ನನಗೆ ಒಂಬತ್ತು ವರ್ಷವಾಗಿದ್ದಾಗ ಅಮೇರಾತಿನಿಂದ ಜಯಂತಣ್ಣ ಬಂದರು, ಹೆಂಡತಿ ಶಶಿಕಲಕ್ಕ, ಎರಡು ಮಕ್ಕಳು, ಸಾಲದ್ದಕ್ಕೆ ಶಶಿಕಲಕ್ಕನ ತಂಗಿ. ಕಾರು ತುಂಬಿ ನನಗೆ ತೊಡೆಯೂ ಸಿಗಲಿಲ್ಲ. ಮುಘ್ಸೈಲಿಗೆ ನನ್ನನ್ನು ಬಿಟ್ಟೇ ಹೋದರು. ಇಡೀ ದಿನ ನಾನು ಗೇಟು ಹಿಡಿದು ಕುದಿಯುತ್ತಾ ನಿಂತಿದ್ದೆ. ಅಮ್ಮ ಒಂದೆರಡು ಸಲ ಬಾ ಮಗಳೇ, ದೋಸೆ ತಿನ್ನು ಎಂದಳು, ನಾನು ತಿರುಗಿ ನೋಡಲಿಲ್ಲ. ಸಂಜೆ ಅವರೆಲ್ಲ ಬಂದು ಊಟಕ್ಕೆ ಕೂತಾಗ ಅಮ್ಮ ಎಂದಿನಂತೆ, ನಾಳೆ ದರ್ಬಾತಿಗೆ ಹೋದರೆ ಮೊದಲು ಎಲ್ಲಿ ನಿಲ್ಲಬೇಕು ಎಂದು ಹೇಳಲು ಸುರು ಮಾಡಿದಳು. ಅವಳ ಮುಖದಲ್ಲಿ ಬೆಳಕಿತ್ತು. ನನ್ನ ಹೊಟ್ಟೆಯಲ್ಲಿದ್ದ ವಿಷಕ್ಕೆ ಅದೇ ಸಿಕ್ಕಿತು.

"ಅಮ್ಮ ಎಂತ ನೋಡಿದ್ದಾಳೆ?" ಎಂದೆ. "ಅವಳು ಒಂದು ಸಲವೂ ಹೋಗ್ಲಿಲ್ಲ. ಎಲ್ಲ ಸುಳ್ಳು ಹೇಳುದು."

ಜಯಂತಣ್ಣ ಮೊದಲು ನಕ್ಕರು, ಆಮೇಲೆ ಮಕ್ಕಳು ನಕ್ಕವು. ಶಶಿಕಲಕ್ಕ ಮೂಗಿನ ಮೇಲೆ ಬೆರಳಿಟ್ಟು, ಇಷ್ಟು ವರ್ಷ ಇಲ್ಲೇ ಇದ್ದೂ ನೋಡ್ಲಿಲ್ವಾ ಎಂದು ರಾಗ ಎಳೆದರು, ಅಮ್ಮನ ಕೈಯ ದೋಸೆ ಎಲೆಗೆ ಬೀಳುವವರೆಗೂ ಕಾದು. ಅಪ್ಪ ತಲೆ ಎತ್ತಲಿಲ್ಲ. ಅಮ್ಮ ಒಂದು ಕ್ಷಣ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ಆಮೇಲೆ, ಗಸಿ ಹಾಕ್ಲಾ ಎಂದು ಜಯಂತಣ್ಣನ ಕಡೆ ತಿರುಗಿದಳು.

ಮರುದಿನ ಅಪ್ಪ ಮಾನ ಉಳಿಸಿಕೊಳ್ಳಲು ಅಮ್ಮನನ್ನು ಹೊರಡಿಸಿದರು. ಜಯಂತಣ್ಣ ಮಕ್ಕಳ ಜೊತೆ ಮನೆಯಲ್ಲೇ ಉಳಿದರು. ಆ ಮಹಾತ್ಯಾಗವನ್ನು ಆರು ಸಲ ನೆನಪಿಸಿದರು. ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಬುತ್ತಿ ಕಟ್ಟಿ, ಮದುವೆಗೆ ಉಡುವ ಹಸುರು ಸೀರೆ ಉಟ್ಟಳು. ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತಳು. ಗುಡ್ಡ ಹತ್ತಿದ್ದೇ ಮಂಜು ಮುಸುಕಿತು. ಕಾರಿನ ಬಾನೆಟ್ಟೇ ಕಾಣದಂಥ ಮಂಜು. ಹಿಂದೆ ನನ್ನ ಜೊತೆ ಕೂತ ಅಕ್ಕ ತಂಗಿ, ನಿನ್ನೆ ಬಂದಿದ್ರೆ ಆಗ್ತಿತ್ತು, ಇವತ್ತು ಸುಮ್ಮನೆ ದಿನ ದಂಡ ಎಂದು ಗೊಣಗುತ್ತಲೇ ಇದ್ದರು. ದರ್ಬಾತ್ ತಲುಪಿದಾಗ ನೀರಿನ ಸದ್ದು ಕೇಳುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಎಲ್ಲೋ ಒಂದು ಒಂಟೆ ಕೆಮ್ಮಿತು. ಅಮ್ಮ ಸೆರಗು ಬಿಗಿದುಕೊಂಡು ಅಂಚಿನವರೆಗೆ ಹೋಗಿ ಬಿಳಿಯ ಗೋಡೆಯ ಎದುರು ನಿಂತಳು. ಅಪ್ಪ ಕಾರಿನ ಬಾಗಿಲು ಹಿಡಿದೇ ಕೂಗಿದರು.

"ಇದೇ ದರ್ಬಾತ್. ನೋಡಿ ಆಯ್ತಲ್ಲ?"

"ಆಯ್ತು," ಎಂದಳು ಅಮ್ಮ. ಬಂದು ಚಾಪೆ ಹಾಸಿ ಎಲ್ಲರಿಗೂ ಬಡಿಸಿದಳು.

ಇನ್ನೊಮ್ಮೆ ಕರಕೊಂಡು ಹೋಗುವ ಮಾತು ಏಳಲಿಲ್ಲ. ಅಪ್ಪನ ಲೆಕ್ಕದಲ್ಲಿ ಅವಳು ನೋಡಿಯಾಗಿತ್ತು. ಮುಂದಿನ ಖರೀಫಿನಲ್ಲಿ ಬಂದವರು ಎಲ್ಲಿಗೆ ಹೋದರೆ ಒಳ್ಳೆಯದು ಅಕ್ಕ ಎಂದು ಕೇಳಿದರೆ, ಅದೆಲ್ಲ ಇವರಿಗೆ ಗೊತ್ತು ಎಂದು ಅಪ್ಪನನ್ನು ತೋರಿಸಿ ಒಳಗೆ ಹೋಗುತ್ತಿದ್ದಳು. ಸಂಜೆ ಬಂದವರನ್ನು ಏನೂ ಕೇಳುತ್ತಿರಲಿಲ್ಲ. ಊಟದ ಹೊತ್ತಿಗೆ ನೆಂಟರ ಬಾಯಿ ಚಪ್ಪರಿಸುವ ಸದ್ದು ಮಾತ್ರ ಉಳಿಯಿತು. ನಾನು ಆ ನೆಂಟರನ್ನು ಇಷ್ಟು ಹೊತ್ತು ಬೈದೆ. ಅವರು ತಿಂದದ್ದು ಅನ್ನ. ನಾನು ಕಿತ್ತುಕೊಂಡದ್ದು ಅದಲ್ಲ. ಕ್ಷಮೆ ಕೇಳುವಷ್ಟು ದೊಡ್ಡವಳಾಗುವಾಗ ಕೇಳಲು ನಾಚಿಕೆಯಾಯಿತು, ಮತ್ತೆ ಕೇಳಿದರಾಯಿತು ಎಂದುಕೊಂಡೆ. ನಾನೂ ಅಪ್ಪನ ಮಗಳೇ ತಾನೆ.

ಈಗ ಆ ಮನೆ ಇಲ್ಲ, ಬಾಳೆ ತೋಟದ ಅರ್ಧವೂ ಇಲ್ಲ, ಅಲ್ಲಿ ಪ್ರವಾಸಿಗಳ ವಸತಿ ಕಟ್ಟಡ ಎದ್ದಿದೆ. ಆಫೀಸಿನವರು ಅದರೆದುರು ನನ್ನನ್ನು ನಿಲ್ಲಿಸಿ, ಸ್ಮೈಲ್ ಮಾಡು ಎಂದು ಫೋಟೋ ತೆಗೆದರು. ನಾನೂ ಹಲ್ಲು ಕಿಸಿದೆ. ಅಪ್ಪ ರಿಟೈರಾಗಿ ಊರಿಗೆ ಹೋದ ಎರಡೇ ವರ್ಷಕ್ಕೆ ತೀರಿಕೊಂಡಿದ್ದರು. ಅಮ್ಮ ಹೋದದ್ದು ಕಳೆದ ವರ್ಷ, ಮಂಗಳೂರಿನ ಆಸ್ಪತ್ರೆಯಲ್ಲಿ, ಹದಿನೊಂದು ದಿನ ಮಲಗಿ. ಅಲ್ಲಿ ಒಬ್ಬಳು ಚಿಕ್ಕ ನರ್ಸ್ ಇದ್ದಳು, ಒಮಾನಿಗೆ ಹೋಗುವ ತಯಾರಿಯಲ್ಲಿದ್ದವಳು, ಸಲಾಲಾದಲ್ಲೇ ಕೆಲಸ ಸಿಕ್ಕಿತ್ತಂತೆ. ಅಮ್ಮ ಅಲ್ಲಿ ಹತ್ತೊಂಬತ್ತು ವರ್ಷ ಇದ್ದವರು ಎಂದು ನಾನೇ ಹೇಳಿದೆ. ಹುಡುಗಿಗೆ ಖುಷಿಯಾಯಿತು. ಬಿ.ಪಿ. ಪಟ್ಟಿ ಕಟ್ಟುತ್ತಾ, ಊರು ಹೇಗಿದೆ ಅಮ್ಮಾ, ಚಂದ ಉಂಟಾ ಎಂದು ಬಗ್ಗಿ ಕೇಳಿದಳು. ಅಮ್ಮ ಪಟ್ಟಿ ಕಟ್ಟದ ಕೈಯಿಂದ ನನ್ನನ್ನು ತೋರಿಸಿದಳು.

"ನಂಗೆ ಅಲ್ಲಿಯ ಅಡುಗೆಮನೆ ಮಾತ್ರ ಗೊತ್ತು. ಊರು ಇವಳು ನೋಡಿದ್ದಾಳೆ, ಇವಳನ್ನು ಕೇಳು."

ಹುಡುಗಿ ನಗುತ್ತಾ ನನ್ನ ಕಡೆ ತಿರುಗಿದಳು. ನಾನು ಅಮ್ಮನ ಹೊದಿಕೆ ಎಳೆದು ಸರಿ ಮಾಡತೊಡಗಿದೆ.