ಯಂತ್ರದ ಬೋಣಿ

ಕೋಪ ನನಗೆ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ನಾನು ಎ.ಸಿ.ಯನ್ನು ಬೈದೆ, ಕರೆಂಟಿನವರನ್ನು ಬೈದೆ, ಡಿಸ್ಕ್ ಮಾರಿದವನನ್ನು ಬೈದೆ. ಕೊನೆಗೆ ಬೈಯಬಾರದ ಒಬ್ಬರನ್ನು ಬೈದೆ. ಅವರ ತಪ್ಪಿತ್ತೇ, ನನ್ನ ತಪ್ಪಿತ್ತೇ ಎಂದು ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ದೊಡ್ಡ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಕಂಪನಿ ಇತ್ತು. ಮೀಟರು ತಯಾರಿಸುತ್ತಿದ್ದವರು ಕಂಪ್ಯೂಟರಿಗೂ ಕೈ ಹಾಕಿದ್ದರು. ನಾನು ಅಲ್ಲಿ ಮೂರು ವರ್ಷ ಮೀಟರು ಪರೀಕ್ಷೆ ಮಾಡಿದೆ. ಮುಳ್ಳು ಸರಿಯಾದ ಗೆರೆಗೆ ಬಂತೇ ನೋಡುವುದು, ಚೀಟಿ ಅಂಟಿಸುವುದು, ಮುಂದಿನದನ್ನು ಎತ್ತಿಕೊಳ್ಳುವುದು. ಜೀವ ಹೋಗುವಷ್ಟು ಬೇಸರ. ಕೋಠಿಯ ಹಳೆ ಪುಸ್ತಕದಂಗಡಿಯಲ್ಲಿ ಆಪರೇಟಿಂಗ್ ಸಿಸ್ಟಂ ಬಗ್ಗೆ ರಟ್ಟು ಹರಿದ ಪುಸ್ತಕವೊಂದು ಸಿಕ್ಕಿತ್ತು. ಅದನ್ನು ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ ಓದುತ್ತಿದ್ದೆ. ಅದು ಕಂಪ್ಯೂಟರ್ ವಿಭಾಗದ ಸಾಹೇಬರ ಕಣ್ಣಿಗೆ ಬಿದ್ದು, ಆರು ತಿಂಗಳ ಮಟ್ಟಿಗೆ ನನ್ನನ್ನು ಅಲ್ಲಿಗೆ ಕರೆಸಿಕೊಂಡರು.

ಕರಾರು ಸ್ಪಷ್ಟವಾಗಿತ್ತು. ಒಂದು ಸರ್ಕಾರಿ ಕಚೇರಿ ನಮ್ಮ ಯಂತ್ರ ಕೊಳ್ಳುವುದರಲ್ಲಿತ್ತು. ದೊಡ್ಡ ಕಡತವೊಂದನ್ನು ಓದಿ ಪಟ್ಟಿ ತಯಾರಿಸಲು ನಮ್ಮ ಯಂತ್ರಕ್ಕೆ ಏಳು ನಿಮಿಷ ಬೇಕಾಗುತ್ತಿತ್ತು. ಅವರಿಗೆ ಐದು ನಿಮಿಷದೊಳಗೆ ಆಗಬೇಕು. ಅದೂ ಯಂತ್ರ ಹಚ್ಚಿದ ಮೇಲಿನ ಮೊದಲ ಓಟದಲ್ಲೇ. ಅಷ್ಟು ಮಾಡಿಕೊಟ್ಟರೆ ನಾನು ಅಲ್ಲೇ ಕಾಯಂ. ಇಲ್ಲದಿದ್ದರೆ ವಾಪಸು ಮೀಟರಿಗೆ.

ಕೆಲಸವೇನೆಂದರೆ, ಡಿಸ್ಕಿನಿಂದ ಓದುವುದು ನಿಧಾನ. ಅದಕ್ಕೆ ಆಪರೇಟಿಂಗ್ ಸಿಸ್ಟಮಿನ ಒಳತಿರುಳು, ಕರ್ನೆಲ್ ಅನ್ನುತ್ತಾರೆ, ಒಮ್ಮೆ ಓದಿದ್ದನ್ನು ಮೆಮೊರಿಯಲ್ಲಿ ಒಂದಿಷ್ಟು ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಆ ಜಾಗವೇ ಬಫರು. ನಮ್ಮವ್ವನ ಒಗ್ಗರಣೆ ಡಬ್ಬಿ ಇದ್ದಂತೆ. ಸಾಸಿವೆ ಬೇಕೆಂದಾಗಲೆಲ್ಲ ಉಗ್ರಾಣಕ್ಕೆ ಓಡಬಾರದಲ್ಲ, ಒಲೆಯ ಪಕ್ಕದಲ್ಲೇ ಇರುತ್ತದೆ. ಡಬ್ಬಿ ದೊಡ್ಡದಿದ್ದಷ್ಟೂ ಒಳ್ಳೆಯದೆಂದು ನಾನು ಅದನ್ನು ದೊಡ್ಡದು ಮಾಡಿದೆ. ಆದರೆ ಕಟ್ಟೆಯ ತುಂಬ ಡಬ್ಬಿಯೇ ಆದರೆ ಪಾತ್ರೆ ಎಲ್ಲಿಡುವುದು? ಅದು ಆಗ ಹೊಳೆಯಲಿಲ್ಲ.

ಯಂತ್ರ ಒಂದೇ, ಬಳಸುವವರು ಎಂಟು ಜನ. ಸಂಜೆ ನಾನು ಹೊಸ ಕರ್ನೆಲ್ ಸಿದ್ಧಮಾಡಿ ಹೋಗುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಹಿರಿಯ ಟೆಕ್ನಿಷಿಯನ್ ಬಂದು ಎ.ಸಿ. ಮತ್ತು ಯಂತ್ರ ಹಚ್ಚುತ್ತಿದ್ದರು. ಒಂಬತ್ತೂವರೆಗೆ ನಾನು ಬಂದು ಪರೀಕ್ಷೆಯನ್ನು ಒಂದು ಸಲ ಓಡಿಸಿ ಹೊತ್ತು ಬರೆದುಕೊಳ್ಳುತ್ತಿದ್ದೆ. ಆಮೇಲೆ ಯಂತ್ರ ಬೇರೆಯವರ ಪಾಲು. ಎರಡನೆಯ ಸಲ ಓಡಿಸಲು ಯಾರೂ ಬಿಡುತ್ತಿರಲಿಲ್ಲ.

ಆ ಟೆಕ್ನಿಷಿಯನ್ ಬೀದರದ ಕಡೆಯವರು. ವಿಭಾಗದಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ನಾನು ಕಾಕಾ ಅನ್ನುತ್ತಿದ್ದೆ, ಅವರು ಯವ್ವಾ ಅನ್ನುತ್ತಿದ್ದರು. ಊಟದ ಡಬ್ಬಿಯಲ್ಲಿ ಶೇಂಗಾ ಚಟ್ನಿ ತಂದರೆ ನನ್ನ ಪಾಲು ತೆಗೆದಿಡದೆ ಮುಚ್ಚಳ ಹಾಕುತ್ತಿರಲಿಲ್ಲ.

ಡಬ್ಬಿ ದೊಡ್ಡದಾದ ಮರುದಿನವೇ ನಾಲ್ಕು ನಿಮಿಷ ಬಂತು. ಸಾಹೇಬರು ಖುಷಿಯಾಗಿ ಆ ಕಚೇರಿಗೆ ಕಾಗದ ಬರೆದೇಬಿಟ್ಟರು, ನಾಲ್ಕು ನಿಮಿಷ ಎಂದು. ವಾರ ಕಳೆಯಿತು. ಒಂದು ದಿನ ಅದೇ ಕರ್ನೆಲ್, ಅದೇ ಕಡತ, ಏಳು ನಿಮಿಷ. ಮರುದಿನ ಮತ್ತೆ ನಾಲ್ಕು. ಆಮೇಲೆ ಮೂರು ದಿನ ನಾಲ್ಕು, ಇದ್ದಕ್ಕಿದ್ದಂತೆ ಏಳು. ಸಾಹೇಬರು ತೆಲುಗಿನವರು, ‘ಏಮಮ್ಮಾ, ನಿನ್ನ ಬಫರಿಗೂ ಒಪ್ಪತ್ತು ಉಪವಾಸ ಇರುತ್ತದೇನು?’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ತಲೆ ಮೊಸರುಗಡಿಗೆಯಾಯಿತು. ಒಂದು ವಹಿಯಲ್ಲಿ ಎಲ್ಲ ಬರೆಯತೊಡಗಿದೆ: ಕರೆಂಟು ಹೋಗಿತ್ತೇ, ಸೆಖೆ ಎಷ್ಟಿತ್ತು, ಕರ್ನೆಲಿನ ಯಾವ ಸಾಲು ಬದಲಿಸಿದೆ. ಒಂದು ಸಾಲು ತೆಗೆದರೆ ವೇಗ, ಹಾಕಿದರೂ ವೇಗ, ಏನೂ ಮಾಡದಿದ್ದರೆ ಒಮ್ಮೆ ನಿಧಾನ. ನಾನು ಬರೆದದ್ದು ನನಗೇ ಅರ್ಥವಾಗದಂತಾಯಿತು. ಪುಸ್ತಕದಲ್ಲಿ ಓದಿದ್ದು ಸುಳ್ಳೋ, ನಾನು ಓದಿದ್ದೇ ತಪ್ಪೋ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಡಿಸ್ಕನ್ನು ಬದಲಿಸಿ ಎಂದು ಸಾಹೇಬರೊಂದಿಗೆ ಜಗಳವಾಡಿದೆ. ಬದಲಿಸಿದರು. ಅದೂ ಹಾಗೆಯೇ ಆಡಿತು. ಮನೆಯಲ್ಲಿ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿ ಅವ್ವನಿಂದ ಬೈಸಿಕೊಂಡೆ.

ಒಂದೂವರೆ ತಿಂಗಳು ಹೀಗೇ ಹೋಯಿತು. ಆಮೇಲೆ ಒಂದು ದಿನ, ಏಳು ನಿಮಿಷದ ದಿನವೇ, ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಾಗ ಮೇಲಿನ ಸಾಲು ಕಣ್ಣಿಗೆ ಬಿತ್ತು. ಕಾಕಾ ರಜೆ, ಕೆಂಪು ಶಾಯಿಯ ಗೆರೆ. ಹೆಂಡತಿಗೆ ಔಷಧಿ ತರಲು ಅವರು ಆಗಾಗ ಕೋಠಿಗೆ ಹೋಗುತ್ತಿದ್ದರು, ಆ ದಿನ ಯಂತ್ರವನ್ನು ಬೇರೆ ಯಾರಾದರೂ ಹಚ್ಚುತ್ತಿದ್ದರು. ಪುಟ ತಿರುವಿದೆ. ಕೆಂಪು ಗೆರೆ ಇದ್ದಲ್ಲೆಲ್ಲ ನನ್ನ ವಹಿಯಲ್ಲಿ ಏಳು. ನನಗೆ ಹೆದರಿಕೆಯಾಯಿತು. ಕರ್ನೆಲಿಗೆ ಮನುಷ್ಯರ ಗುರುತು ಸಿಗುತ್ತದೇನು?

ಮರುದಿನ ಮೊದಲ ಬಸ್ಸು ಹಿಡಿದು ಎಂಟಕ್ಕೆ ಮುಂಚೆಯೇ ಹೋದೆ. ಕಾಕಾ ಯಂತ್ರ ಹಚ್ಚಿದರು. ಅದರ ನೆತ್ತಿಗೆ ಕುಂಕುಮ ಇಟ್ಟರು, ಊದಿನಕಡ್ಡಿ ಹಚ್ಚಿದರು. ಆಮೇಲೆ ಪರದೆಯ ಅಂಚಿಗೆ ನಾನು ಅಂಟಿಸಿದ್ದ ಚೀಟಿ ನೋಡಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ನನ್ನ ಪರೀಕ್ಷೆಯನ್ನು ಪೂರ್ತಿ ಒಂದು ಸಲ ಓಡಿಸಿದರು. ಕೈಮುಗಿದರು.

‘ಏನ್ ಮಾಡಾಕತ್ತೀರಿ ಕಾಕಾ?’ ಅಂದೆ.

‘ಬೋಣಿ ಮಾಡಾಕತ್ತೀನಿ ಯವ್ವಾ. ಅಂಗಡ್ಯಾಗ ಮೊದಲನೇ ಗಿರಾಕಿ ಛೊಲೋ ಬಂದ್ರ ದಿನಾ ಎಲ್ಲಾ ಛೊಲೋ. ನೀ ಬಂದು ಓಡ್ಸೂ ಮುಂಚೆ ನಾ ಒಂದು ಸಲ ಓಡ್ಸತೀನಿ. ನಿನ್ನ ಮತ್ತ ಮೀಟರಿಗೆ ಕಳಸ್ತಾರಂತ ಕೇಳಿದ್ನಿ. ಹಂಗಾಗಬಾರದು.’

ನಾನು ಬಾಯಿಗೆ ಬಂದಂತೆ ಬೈದೆ. ಅವರು ಒಮ್ಮೆ ಓಡಿಸಿದ್ದರಿಂದ ಕಡತವೆಲ್ಲ ಬಫರಿನಲ್ಲಿ ಬಂದು ಕೂತಿರುತ್ತಿತ್ತು. ನಾನು ಓಡಿಸಿದಾಗ ಡಿಸ್ಕಿಗೆ ಹೋಗುವ ಅಗತ್ಯವೇ ಇರಲಿಲ್ಲ. ನಾಲ್ಕು ನಿಮಿಷ ನನ್ನದಲ್ಲ, ಅವರ ಬೋಣಿಯದು. ‘ಒಂದೂವರೆ ತಿಂಗಳ ಕೆಲಸ ಮಣ್ಣುಪಾಲು ಮಾಡಿದ್ರಲ್ರಿ, ನಿಮಗ್ಯಾರು ಕೇಳಿದ್ರು?’ ಎಂದು ಕೂಗಾಡಿದೆ. ಅವರು ಕಡ್ಡಿ ಆರಿಸಿ ಹೊರಗೆ ಹೋದರು. ಮಧ್ಯಾಹ್ನ ಶೇಂಗಾ ಚಟ್ನಿ ಮಾತ್ರ ನನ್ನ ಮೇಜಿನ ಮೇಲೆ ಇತ್ತು. ನಾಚಿಕೆಯಾಯಿತು. ಆದರೂ ತಿಂದೆ.

ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕಾಗದದ ಪ್ರತಿ ತೆಗೆದು ನೋಡಿ, ‘ನಾಲ್ಕು ಎಂದು ಬರೆದಾಗಿದೆಯಮ್ಮಾ. ಅವರು ನೋಡಲು ಬರುವುದಕ್ಕೆ ಇನ್ನು ಎರಡು ವಾರ ಇದೆ, ಮಾಡಿ ತೋರಿಸು’ ಅಂದರು. ಈಗ ಬರುತ್ತಿದ್ದ ಅಂಕಿಗಳು ಕೆಟ್ಟವು, ಆದರೆ ನಿಜವಾದವು. ಡಬ್ಬಿಯನ್ನು ಕಡತ ಹಿಡಿಸುವಷ್ಟಕ್ಕೇ ಚಿಕ್ಕದು ಮಾಡಿ ಪಾತ್ರೆಗೆ, ಅಂದರೆ ಪಟ್ಟಿ ತಯಾರಿಸುವ ಪ್ರೋಗ್ರಾಮಿಗೆ, ಜಾಗ ಬಿಟ್ಟೆ, ಆರೂವರೆಗೆ ಇಳಿಯಿತು. ಒಂದು ತುಂಡು ಓದುವಾಗಲೇ ಮುಂದಿನ ತುಂಡನ್ನು ಬಫರಿಗೆ ತರಿಸಿಡುವಂತೆ ಬರೆದೆ, ಐದೂವರೆಗೆ ಬಂತು. ಅಲ್ಲಿಂದ ಒಂದೊಂದು ಸೆಕೆಂಡಿಗೂ ಹೆಣಗಾಟ.

ಆ ಕಚೇರಿಯ ಅಧಿಕಾರಿಗಳು ಬರುವ ದಿನ ನಾನು ಎಂಟಕ್ಕೇ ಹೋದೆ. ಕಾಕಾ ಯಂತ್ರ ಹಚ್ಚಿ, ಕುಂಕುಮದ ಭರಣಿ ಹಿಡಿದು ನಿಂತಿದ್ದರು. ನಾನು ಬೈದಂದಿನಿಂದ ಅವರು ಕೀಲಿಮಣೆ ಮುಟ್ಟಿರಲಿಲ್ಲ.

‘ನೀ ಬಫರಿನ್ಯಾಗ ಪೂರಾ ಕಡತಕ್ಕ ಜಾಗಾ ಇಟ್ಟೀಯಲ್ಲ ಇನ್ನೂ?’ ಎಂದು ಕೇಳಿದರು.

‘ಇಟ್ಟೀನ್ರಿ.’

‘ಅಂದ್ರ ಈಗ ಒಂದು ಸಲ ಓಡ್ಸಿದ್ರ, ಅವರು ಬಂದಾಗ ನಾಕು ನಿಮಿಷಕ್ಕ ಆಗತೈತಿ.’

‘ಆಗತೈತ್ರಿ.’

‘ಬೋಣಿ ಮಾಡ್ಲೇನು ಯವ್ವಾ? ಯಾರಿಗೂ ತಿಳಿಯೂದಿಲ್ಲ.’

ಯಾರಿಗೂ ತಿಳಿಯುತ್ತಿರಲಿಲ್ಲ, ನಿಜ. ಬೇಡ ಅಂದೆ. ಒಳ್ಳೆಯತನದಿಂದ ಅಂದೆನೆಂದು ದಯವಿಟ್ಟು ತಿಳಿಯಬೇಡಿ. ಒಂದೂವರೆ ತಿಂಗಳು ಏನೂ ತಿಳಿಯದೆ ಒದ್ದಾಡಿದ ಮೇಲೆ, ಎರಡೇ ವಾರದಿಂದ ನನ್ನ ಅಂಕಿಯ ಅರ್ಥ ನನಗೆ ತಿಳಿಯುತ್ತಿತ್ತು. ಅದನ್ನು ಮತ್ತೆ ಕಲಕಲು ಮನಸ್ಸು ಬರಲಿಲ್ಲ, ಅಷ್ಟೇ. ‘ಕುಂಕುಮ ಹಚ್ರಿ ಸಾಕು’ ಅಂದೆ. ಅವರು ಹಚ್ಚಿದರು.

ಅಧಿಕಾರಿಗಳು ಬಂದರು. ಪರೀಕ್ಷೆ ಓಡಿತು. ಐದು ನಿಮಿಷ ಇಪ್ಪತ್ತು ಸೆಕೆಂಡು. ಅಧಿಕಾರಿ ಕೈಗಡಿಯಾರ ನೋಡಿ, ಕಾಗದ ನೋಡಿ, ‘ಇದರಲ್ಲಿ ನಾಲ್ಕು ಅಂತ ಇದೆಯಲ್ಲ?’ ಅಂದರು. ನಾನು ಎರಡನೆಯ ಓಟ ನಾಲ್ಕಕ್ಕೆ ಬರುತ್ತದೆ, ದಿನವಿಡೀ ಅದೇ ಕಡತ ತೆಗೆಯುವವರಿಗೆ ಅದೇ ಮುಖ್ಯ ಎಂದು ವಿವರಿಸಲು ಹೋದೆ. ಓಡಿಸಿಯೂ ತೋರಿಸಿದೆ, ನಾಲ್ಕು ಬಂತು. ಅವರು ತಲೆಯಾಡಿಸಿದರು. ನಿಯಮದಲ್ಲಿ ಮೊದಲ ಓಟ ಎಂದಿತ್ತು, ಅದನ್ನೇ ಬರೆದುಕೊಂಡು ಹೋದರು. ಯಂತ್ರ ಮಾರಾಟವಾಗಲಿಲ್ಲ. ಸಾಹೇಬರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ತಿರುಗಿ ಜಗಳವಾದರೂ ಆಡುತ್ತಿದ್ದೆ.

ಸರಿ ಮಾಡಿದೆನೋ ತಪ್ಪು ಮಾಡಿದೆನೋ? ಇಪ್ಪತ್ತು ಸೆಕೆಂಡಿಗೆ ವಿಭಾಗದ ಎಂಟೂ ಜನರ ಬಾಯಿಗೆ ಮಣ್ಣು ಹಾಕಿದೆನೇನೋ ಎಂದು ಇಂದಿಗೂ ಒಮ್ಮೊಮ್ಮೆ ಅನಿಸುತ್ತದೆ. ಮರುಗಳಿಗೆಯಲ್ಲೇ ಇಲ್ಲ ಅನಿಸುತ್ತದೆ.

ಮುಂದಿನ ಸೋಮವಾರ ಮೀಟರಿನ ಮೇಜಿಗೆ ವಾಪಸು ಬಂದೆ. ಅದೇ ಮುಳ್ಳು, ಅದೇ ಚೀಟಿ. ಮೊದಲ ಮೀಟರು ಎತ್ತಿಕೊಂಡಾಗ ಅಳು ಬಂತು, ತಲೆ ತಗ್ಗಿಸಿದೆ. ಯಾರೋ ಪಕ್ಕದಲ್ಲಿ ನಿಂತಂತಾಯಿತು. ಕಾಕಾ, ಕೈಯಲ್ಲಿ ಭರಣಿ.

‘ಯವ್ವಾ, ಈ ಮೀಟರಿಗೆ ನಿನ್ನಿ ಮೊನ್ನಿದು ಏನೂ ನೆನಪ ಇರೂದಿಲ್ಲಲ್ಲ?’

‘ಇಲ್ರಿ ಕಾಕಾ.’

‘ಹಂಗಾರ ಇಲ್ಲಿ ಬೋಣಿ ಮಾಡಬಹುದಲ್ಲ?’

ನಾನು ಮೀಟರನ್ನು ಅವರ ಕೈಗೆ ಕೊಟ್ಟೆ.